ಸ್ವಾಲ್ಬಾರ್ಡ್‌ಗೆ ಹಿಮಕರಡಿ ಫೋಟೊ ತೆಗೆಯಲು ಹೊರಟಿದ್ದೀರಾ? ಮುಂಗಡ ಕಟ್ಟುವ ಮುಂಚೆ ಓದಿ

ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ಗೆ ಜೂನ್‌ನಲ್ಲಿ ಹೋಗಿಬಂದವರ ಗೋಳು ಹೆಚ್ಚುಕಮ್ಮಿ ಒಂದೇ: ಕಾರ್ಡ್ ತುಂಬ ಹಿಮಕರಡಿ, ಒಂದು ಫೋಟೊದಲ್ಲೂ ಕಣ್ಣು ಸ್ಪಷ್ಟವಿಲ್ಲ. ಲೆನ್ಸ್ ಕೆಟ್ಟಿದೆಯೆಂದು ರಿಪೇರಿಗೆ ಕೊಡುವವರೂ ಇದ್ದಾರೆ. ಲೆನ್ಸ್ ಸರಿಯಾಗಿಯೇ ಇರುತ್ತದೆ. ಕೆಡಿಸುವುದು ದೂರ, ಮತ್ತು ನಡುವಿನ ಗಾಳಿ.

2025ರ ಜನವರಿ 1ರಿಂದ ಅಲ್ಲಿ ಹಿಮಕರಡಿಯ 300 ಮೀಟರ್ ಒಳಗೆ ಹೋಗುವಂತಿಲ್ಲ. ಮಾರ್ಚ್ 1ರಿಂದ ಜೂನ್ 30ರವರೆಗೆ ಅದು 500 ಮೀಟರ್. ಸೀಲ್ ಬೇಟೆಯಾಡಿ ಕೊಬ್ಬು ಕೂಡಿಟ್ಟುಕೊಳ್ಳುವ ಕಾಲದಲ್ಲಿ ಅದನ್ನು ಕೆಣಕಬಾರದು, ನಿಯಮ ನ್ಯಾಯವಾದದ್ದೇ. ಆದರೆ ಹಡಗಿನ ಮೂತಿಯ ಕೆಳಗೇ ಕರಡಿ ನಿಂತಿರುವ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ. ಲೆಕ್ಕ ಹೀಗಿದೆ: ಎರಡೂವರೆ ಮೀಟರ್ ಉದ್ದದ ಕರಡಿ 300 ಮೀಟರ್ ದೂರದಲ್ಲಿದ್ದರೆ, ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರ್‌ನ) ಕ್ಯಾಮೆರಾಗೆ 600 ಎಂಎಂ ಲೆನ್ಸ್ ಹಾಕಿದರೂ ಫ್ರೇಮಿನ ಅಗಲದ ಏಳನೇ ಒಂದು ಭಾಗ ಮಾತ್ರ. 500 ಮೀಟರ್‌ಗೆ ಹನ್ನೆರಡನೇ ಒಂದು ಭಾಗ. 400 ಎಂಎಂ ಆದರೆ ಹದಿನೆಂಟನೇ ಒಂದು. ಕರಡಿಯೇ ಮುಖ್ಯವಾದರೆ ಜುಲೈ ಅಥವಾ ಆಗಸ್ಟ್ ಆರಿಸಿ. (ನಾರ್ವೆ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವಲಯದ ಹೊರಗೆ ಸ್ವಾಲ್ಬಾರ್ಡ್ ಇದೆ. ಭಾರತದ ಪಾಸ್‌ಪೋರ್ಟ್ ಇದ್ದವರು ಓಸ್ಲೋ ಮೂಲಕ ಹೋಗಿ ಮರಳಲು ಎರಡು ಸಲ ಪ್ರವೇಶಕ್ಕೆ ಅವಕಾಶವಿರುವ ವೀಸಾ ಕೇಳಲೇಬೇಕು.)

ಇನ್ನು ಗಾಳಿ. ನಮ್ಮ ಡಾಂಬರು ರಸ್ತೆಯ ಬಿಸಿಲ್ಗುದುರೆ ಅಲ್ಲಿ ಮಂಜುಗಡ್ಡೆಯ ಮೇಲೂ ಏಳುತ್ತದೆ. ತಣ್ಣನೆಯ ಗಾಳಿ, ಅದಕ್ಕಿಂತ ಬೆಚ್ಚಗಿನ ಗಾಳಿ ಕಲೆಯುವಲ್ಲೆಲ್ಲ ಬೆಳಕು ಬಾಗುತ್ತದೆ. 300 ಮೀಟರ್ ದಾಟಿ ಬರುವಷ್ಟರಲ್ಲಿ ರೋಮದ ಎಳೆಗಳೆಲ್ಲ ಕಲಸಿಹೋಗಿರುತ್ತವೆ. ಶಟರ್ ವೇಗ 1/4000 ಸೆಕೆಂಡಿಗೆ ಏರಿಸಿದರೂ ಈ ಮಸುಕು ಹೋಗದು. ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯ ಮೇಲಿನ ನೇರ ಚಿತ್ರದಲ್ಲಿ) ಹತ್ತು ಪಟ್ಟು ಹಿಗ್ಗಿಸಿ ನೋಡಿ: ಕರಡಿಯ ಅಂಚು ಕುದಿಯುವ ನೀರಿನಂತೆ ಅಲುಗುತ್ತಿದ್ದರೆ ಫೋಕಸ್ ತಿದ್ದಿ ಪ್ರಯೋಜನವಿಲ್ಲ. ಮೋಡ ಕವಿಯಲಿ, ಇಲ್ಲವೇ ರಾತ್ರಿ ಹತ್ತರ ಮೇಲೆ ಪ್ರಯತ್ನಿಸಿ. ಆಗಸ್ಟ್ ಮೂರನೇ ವಾರದವರೆಗೂ ಅಲ್ಲಿ ಸೂರ್ಯ ಮುಳುಗುವುದಿಲ್ಲ, ನಡುರಾತ್ರಿಯಲ್ಲಿ ಬೆಳಕು ಕೆಳಗಿಳಿದು ಗಾಳಿಯೂ ತಣಿದಿರುತ್ತದೆ. ಒಂದೇ ಸಮನೆ 20–30 ಫ್ರೇಮ್ ಬರ್ಸ್ಟ್ ಹೊಡೆದರೆ ಒಂದೆರಡು ಸ್ಪಷ್ಟವಾಗಿ ಸಿಗಬಹುದು.

ಕೆಲವು ಸಲ ಬಿಸಿ ತರುವವರು ನಾವೇ. 20 ಡಿಗ್ರಿಯ ಕ್ಯಾಬಿನ್‌ನಿಂದ ನೇರ ಡೆಕ್‌ಗೆ ತಂದ ದೊಡ್ಡ ಲೆನ್ಸ್ ತಣಿಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಬೆಚ್ಚಗಿನ ಗಾಳಿ ಲೆನ್ಸ್ ಮುಂದಿನ ನೆರಳುಕೊಳವೆಯಾದ ಹುಡ್‌ನೊಳಗೇ ಸುತ್ತಿ ಫೋಟೊ ಮಸುಕಾಗಿಸುತ್ತದೆ. ಹುಡ್ ತೆಗೆದಿಡಿ. ಹೊಗೆಕೊಳವೆಯಿಂದ ಗಾಳಿ ಬೀಸುವ ಕಡೆ ನಿಲ್ಲಬೇಡಿ, ತೆರೆದ ಕಿಟಕಿಯಿಂದ ಹೊಡೆಯಲೇಬೇಡಿ. ಟ್ರೈಪಾಡ್ ಎಂಜಿನ್ನಿನ ನಡುಕವನ್ನು ನೇರ ಕ್ಯಾಮೆರಾಗೆ ಮುಟ್ಟಿಸುತ್ತದೆ, ಕೈಯಲ್ಲೇ ಹಿಡಿಯಿರಿ.

ಮರಳಿ ಒಳಗೆ ಬರುವಾಗ ಅಪಾಯ ತಿರುವುಮುರುವು: ತಣ್ಣಗಾದ ಗಾಜಿನ ಮೇಲೆ ಕ್ಯಾಬಿನ್‌ನ ತೇವ ನೀರಾಗಿ ಇಳಿಯುತ್ತದೆ. ಹೊರಗಿರುವಾಗಲೇ ಚೀಲದ ಜಿಪ್ ಎಳೆದು, ಒಳಗೆ ಬಂದ ಮೇಲೆ ಎರಡು ಗಂಟೆ ಮುಟ್ಟದಿರಿ. ಕಾರ್ಡ್, ಬ್ಯಾಟರಿ ಮೊದಲೇ ತೆಗೆದು ಜೇಬಿಗೆ ಹಾಕಿಕೊಂಡರೆ ಚೀಲ ಬಿಚ್ಚುವ ಆತುರವೂ ಇರುವುದಿಲ್ಲ.