150 ಸಿಸಿ ಎಟಿವಿಗೆ 61 ಮಿ.ಮೀ. ಬಿಗ್ ಬೋರ್ ಕಿಟ್: ಮುಧೋಳದ ಎರೆ ಹೊಲದಲ್ಲಿ ಎರಡು ಹಂಗಾಮು ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಎಟಿವಿ (ಹೊಲದಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು) ಸರಿಯಾಗಿ ಎಳೆಯುತ್ತಿಲ್ಲ ಅಂತ ಬಿಗ್ ಬೋರ್ ಕಿಟ್ (ದೊಡ್ಡ ಸಿಲಿಂಡರ್, ಪಿಸ್ಟನ್ ಸೆಟ್) ಹುಡುಕುತ್ತಿದ್ದರೆ, ಮೊದಲು ಬೆಲ್ಟ್ ಕಡೆಯ ಕವರ್ ಬಿಚ್ಚಿ ಒಳಗಿನ ರೋಲರ್ (ಸಣ್ಣ ಉರುಳೆಗಳು) ಬದಲಿಸಿ. ಕಿಟ್ಟಿಗೆ ಹೋಗುವ ದುಡ್ಡಿನಲ್ಲಿ ಸಣ್ಣದೊಂದು ಪಾಲು ಖರ್ಚಾದರೆ ಸಾಕು, ಅರ್ಧಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಮುಗಿಯುತ್ತದೆ. ಕಿಟ್ ಕೆಟ್ಟದ್ದು ಅಂತಲ್ಲ. ನನ್ನ ಗಾಡಿಯಲ್ಲಿ ಈಗಲೂ ಅದೇ ಇದೆ, ತೆಗೆಯುವ ವಿಚಾರವೂ ಇಲ್ಲ. ಆದರೆ ಅದು ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಅನ್ನುವುದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಗಾಡಿ ಚೀನಾ ಮೂಲದ್ದು. ಒಳಗಿರುವುದು ಜಿವೈ6 ಎಂಜಿನ್. ಹೋಂಡಾದ ಹಳೆಯ ಸ್ಕೂಟರ್ ಎಂಜಿನ್ನಿನ ವಿನ್ಯಾಸದಿಂದ ಬಂದದ್ದು, ಫ್ಯಾನ್ ಗಾಳಿಯಿಂದ ತಣ್ಣಗಾಗುತ್ತದೆ, ಗೇರಿನ ಬದಲು ಬೆಲ್ಟ್ ಇರುವ ಸಿವಿಟಿ. ಬೋರ್ (ಸಿಲಿಂಡರಿನ ಒಳವ್ಯಾಸ) 57.4 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 57.8 ಮಿ.ಮೀ. ಹೊಸದಿದ್ದಾಗ ಶಕ್ತಿ ಎಂಟು ಎಚ್‌ಪಿ ಆಸುಪಾಸು. ಒಬ್ಬರು ಕೂತು ಬದುವಿನ ಮೇಲೆ ಸುತ್ತು ಹಾಕಲು ಬೇಕಾದಷ್ಟಾಯಿತು. ಹಿಂದೆ ಸಣ್ಣ ಟ್ರಾಲಿ ಕಟ್ಟಿ ನಾಲ್ಕು ಚೀಲ ಯೂರಿಯಾ ಹಾಕಿದರೆ ಕಥೆ ಬೇರೆ. ಚೀಲಕ್ಕೆ 45 ಕಿಲೋ, ಅಲ್ಲಿಗೆ 180 ಕಿಲೋ ಆಯಿತು, ಟ್ರಾಲಿಯ ತೂಕ ಬೇರೆ. ಒಂದು ಮಳೆ ಬಿದ್ದ ಎರೆ ಮಣ್ಣಿನಲ್ಲಿ ಅಷ್ಟು ಭಾರ ಎಳೆಯುವುದು ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಟೈರು ಉಂಡೆ ಕಟ್ಟುತ್ತದೆ, ಎಂಜಿನ್ ಒದರುತ್ತದೆ, ಗಾಡಿ ಮಾತ್ರ ಅಲ್ಲೇ ನಿಂತಿರುತ್ತದೆ.

ಕಿಟ್ ಹಾಕಲು ಇನ್ನೊಂದು ಕಾರಣವೂ ಇತ್ತು. ಹಳೆಯ ಸಿಲಿಂಡರ್ ಸವೆದು ನೀಲಿ ಹೊಗೆ ಶುರುವಾಗಿತ್ತು. ಹೇಗೂ ಬಿಚ್ಚುವುದೇ ಇದೆ, ದೊಡ್ಡದೇ ಹಾಕೋಣ ಅನಿಸಿತು. ಈ ಎಂಜಿನ್ನಿಗೆ 58.5 ಮಿ.ಮೀ. ಕಿಟ್ ಸಿಗುತ್ತದೆ, ಅದು ನೇರವಾಗಿ ಕೂರುತ್ತದೆ, 155 ಸಿಸಿ ಆಗುತ್ತದೆ. 61 ಹಾಕಿದರೆ 169, 63 ಹಾಕಿದರೆ 180. ನಾನು ನಡುವಿನದ್ದನ್ನು ತೆಗೆದುಕೊಂಡೆ. 63ರಲ್ಲಿ ಬಿಸಿ ತೀರಾ ಜಾಸ್ತಿ. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಊರಿಗೆ ಅದು ಬೇಡ.

ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಕಿಟ್ ಕೂರಲೇ ಇಲ್ಲ. ಈ ಎಂಜಿನ್ನಿನಲ್ಲಿ ಸಿಲಿಂಡರನ್ನು ಹಿಡಿದಿಡುವ ಉದ್ದ ಬೋಲ್ಟುಗಳ, ಅಂದರೆ ಸ್ಟಡ್‌ಗಳ ನಡುವಿನ ಅಂತರದಲ್ಲಿ ಎರಡು ಬಗೆ ಇವೆ, 54 ಮಿ.ಮೀ. ಮತ್ತು 57 ಮಿ.ಮೀ. ಕೇಳಿದ್ದೊಂದು, ಬಂದದ್ದು ಇನ್ನೊಂದು. ವಾಪಸ್ ಕಳಿಸಿ ದುಡ್ಡು ಬರುವಷ್ಟರಲ್ಲಿ ಹಂಗಾಮು ಅರ್ಧ ಮುಗಿದಿತ್ತು. ನೀವು ತರಿಸುವುದಾದರೆ ಸಿಲಿಂಡರ್ ಬಿಚ್ಚಿ ವರ್ನಿಯರ್‌ನಲ್ಲಿ ಅಳೆದ ಮೇಲೆಯೇ ತರಿಸಿ.

61ರ ಕಿಟ್‌ಗಳಲ್ಲಿ ತೆಳುವಾದ ಸ್ಲೀವ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಇರುವವೂ ಇವೆ, ದಪ್ಪ ಸ್ಲೀವಿನವೂ ಇವೆ. ತೆಳುವಾದದ್ದು ಹಾಗೇ ಕೂರುತ್ತದೆ, ಆದರೆ ಬಿಸಿಗೆ ಬೇಗ ಆಕಾರ ಕೆಡುತ್ತದೆ. ದಪ್ಪ ಸ್ಲೀವ್ ಬೇಕೆಂದರೆ ಸಿಲಿಂಡರ್ ಕೂರುವ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗಿನ ಪೆಟ್ಟಿಗೆ) ಬಾಯಿ ದೊಡ್ಡದು ಮಾಡಬೇಕು, ಅದಕ್ಕೆ ಎಂಜಿನ್ ಪೂರ್ತಿ ಎರಡು ಹೋಳು ಮಾಡಬೇಕು. ನಾನು ದಪ್ಪದ್ದನ್ನೇ ಆರಿಸಿ ಕೇಸನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಒಯ್ದೆ. ಫೌಂಡ್ರಿ, ಹೈಡ್ರಾಲಿಕ್ಸ್ ಕೆಲಸದಲ್ಲಿ ಕೈ ಪಳಗಿದ ಮಂದಿ ಅಲ್ಲಿದ್ದಾರೆ. ಮಷಿನ್ ಶಾಪಿನ ಹಿರಿಯರು ಕೇಸ್ ತಿರುಗಿಸಿ ನೋಡಿ, "ಇಷ್ಟು ಸಣ್ಣ ಎಂಜಿನ್ನಿಗೆ ಇಷ್ಟೆಲ್ಲಾ ಉಪದ್ವ್ಯಾಪ ಯಾಕೆ?" ಅಂದರು. ಅಂದರೂ ಕೆಲಸ ಮಾತ್ರ ಕಡಕ್. ಪಿಸ್ಟನ್ ಮತ್ತು ಗೋಡೆಯ ನಡುವೆ 0.04 ಮಿ.ಮೀ. ಆಸುಪಾಸು ಜಾಗ ಬಿಟ್ಟು ಹೋನ್ ಮಾಡಿಕೊಟ್ಟರು, ಅಂದರೆ ಒಳಗೋಡೆ ಉಜ್ಜಿ ನಯ ಮಾಡಿದರು. ಬೋರಿಂಗ್, ಗ್ಯಾಸ್ಕೆಟ್, ಬೇರಿಂಗ್, ಆಯಿಲ್ ಸೀಲ್ ಎಲ್ಲಾ ಸೇರಿ ಕಿಟ್ಟಿಗಿಂತ ಜಾಸ್ತಿ ಆಯಿತು. ಇದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಕೈ ಹಾಕಿ.

ಇಷ್ಟು ಮಾಡಿ ಸಿಕ್ಕಿದ್ದೇನು? 150ರಿಂದ 169 ಅಂದರೆ ಶೇಕಡಾ 13 ಜಾಸ್ತಿ. ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಎಂಟರಲ್ಲಿ ಶೇಕಡಾ 13 ಅಂದರೆ ಒಂದು ಎಚ್‌ಪಿ. ಖಾಲಿ ಗಾಡಿಯಲ್ಲಿ ಫರಕು ಚೆನ್ನಾಗಿ ಗೊತ್ತಾಯಿತು, ಥ್ರಾಟಲ್ ಒತ್ತಿದ ಕೂಡಲೇ ಜಿಗಿಯಿತು. ಟ್ರಾಲಿ ಕಟ್ಟಿದರೆ ಮತ್ತೆ ಅದೇ ಹಾಡು. ಟಾಪ್ ಸ್ಪೀಡಂತೂ ಅಷ್ಟಕ್ಕಷ್ಟೇ. ಹೊಲದ ಮುಧೋಳ ನಾಯಿ ಮೊದಲೂ ಇದನ್ನು ಹಿಂದೆ ಹಾಕುತ್ತಿತ್ತು, ಈಗಲೂ ಹಾಕುತ್ತದೆ.

ನಿಜವಾದ ಬದಲಾವಣೆ ಬಂದದ್ದು ರೋಲರ್‌ನಿಂದ. ಸಿವಿಟಿಯ ಮುಂದಿನ ಪುಲ್ಲಿಯೊಳಗೆ ಆರು ರೋಲರ್ ಇರುತ್ತವೆ. ಎಂಜಿನ್ ಸುತ್ತು ಏರಿದಂತೆ ಅವು ಹೊರಗೆ ಸರಿದು ಬೆಲ್ಟನ್ನು ಮೇಲಕ್ಕೆ ತಳ್ಳುತ್ತವೆ, ಅಂದರೆ ಮೇಲಿನ ಗೇರಿಗೆ ಹೋದ ಹಾಗೆ. ಭಾರವಾದ ರೋಲರ್ ಬೇಗ ಸರಿಯುತ್ತದೆ. ಎಂಜಿನ್ ಇನ್ನೂ ದಮ್ಮು ಕಟ್ಟುವ ಮೊದಲೇ ಗಾಡಿ ಮೇಲಿನ ಗೇರಿನಲ್ಲಿರುತ್ತದೆ. ರಸ್ತೆಯ ಸ್ಕೂಟರಿಗೆ ಅದು ಸರಿ, ಹೊಲಕ್ಕಲ್ಲ. 13 ಗ್ರಾಂ ರೋಲರ್ ತೆಗೆದು 11 ಗ್ರಾಂನವು ಹಾಕಿದೆ, ಹಿಂದಿನ ಪುಲ್ಲಿಗೆ ಒಂದು ಹಂತ ಬಿಗಿಯಾದ ಸ್ಪ್ರಿಂಗ್ ಕೊಟ್ಟೆ. ಮನೆಯ ಅಂಗಳದಲ್ಲೇ ಆಗುವ ಕೆಲಸ ಇದು. ಅವತ್ತೇ ಅದೇ ನಾಲ್ಕು ಚೀಲ ಹಾಕಿಕೊಂಡು ಕಾಲುವೆಯ ಏರಿ ಹತ್ತಿಸಿದೆ. ನಿಲ್ಲಲಿಲ್ಲ. ಕಿಟ್ ಇಲ್ಲದೆ ಹಳೆಯ 150ರಲ್ಲೇ ಇದನ್ನು ಮಾಡಿಕೊಂಡ ಪಕ್ಕದ ಹೊಲದವರ ಗಾಡಿಯೂ ಮೂರು ಚೀಲ ಆರಾಮಾಗಿ ಎಳೆಯುತ್ತದೆ. ಹಾಗಾಗಿಯೇ ಮೇಲೆ ಅಷ್ಟು ಧೈರ್ಯವಾಗಿ ಹೇಳಿದ್ದು.

ಇನ್ನು ಬಿಸಿಯ ವಿಷಯ. ಕಿಟ್ ಹಾಕಿದವರು ತಿಳಿದಿರಬೇಕಾದ ಮುಖ್ಯ ಸಂಗತಿ ಇದೇ. ಸಿಲಿಂಡರಿನ ಮೇಲೆ ಕೂರುವ ಹೆಡ್ ಹಳೆಯದೇ ಉಳಿದು ಸಿಲಿಂಡರ್ ಮಾತ್ರ ದೊಡ್ಡದಾದರೆ ಕಂಪ್ರೆಷನ್ (ಒಳಗಿನ ಗಾಳಿ, ಇಂಧನವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) ಏರುತ್ತದೆ, ಜೊತೆಗೆ ಬಿಸಿಯೂ. 9.2 ಇದ್ದದ್ದು ಲೆಕ್ಕದ ಪ್ರಕಾರ 10.3ರ ಹತ್ತಿರ ಹೋಗುತ್ತದೆ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್. ನಮ್ಮದೇ ಕಬ್ಬು ಕಾರ್ಖಾನೆಗೆ ಹೋಗಿ ತಿರುಗಿ ನಮ್ಮದೇ ಟ್ಯಾಂಕಿಗೆ ಬರುತ್ತದೆ, ಸಂತೋಷ. ಎಥನಾಲ್‌ನ ಆಕ್ಟೇನ್ ಜಾಸ್ತಿ, ಆದ್ದರಿಂದ ಎಂಜಿನ್ ನಾಕ್ ಹೊಡೆಯುವುದು (ಇಂಧನ ತಾನಾಗೇ ಸಿಡಿದು ಟಕಟಕ ಸದ್ದಾಗುವುದು) ಕಡಿಮೆ. ಆದರೆ ಒಂದು ಕಿಲೋ ಪೆಟ್ರೋಲ್ ಸುಡಲು 14.7 ಕಿಲೋ ಗಾಳಿ ಬೇಕಾದರೆ ಎಥನಾಲ್‌ಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬಿಡಬೇಕು. ಸೆನ್ಸರ್ ಇರುವ ಹೊಸ ಬೈಕುಗಳು ತಾವೇ ಸರಿಮಾಡಿಕೊಳ್ಳುತ್ತವೆ. ಕಾರ್ಬುರೇಟರಿಗೆ ಅಷ್ಟು ತಲೆ ಎಲ್ಲಿದೆ? ದೊಡ್ಡ ಸಿಲಿಂಡರ್, ಹಳೆಯ ಜೆಟ್ (ಕಾರ್ಬುರೇಟರಿನಲ್ಲಿ ಇಂಧನ ಬಿಡುವ ಸಣ್ಣ ತೂತಿನ ಭಾಗ), ಎಥನಾಲ್ ಪೆಟ್ರೋಲ್ ಮೂರೂ ಸೇರಿದರೆ ಪಿಸ್ಟನ್ ಸುಡುವುದು ಗ್ಯಾರಂಟಿ. ಮೇನ್ ಜೆಟ್ ಎರಡು ಮೂರು ಸೈಜ್ ದೊಡ್ಡದು ಹಾಕಿ ಪ್ಲಗ್ಗಿನ ಬಣ್ಣ ನೋಡುತ್ತಾ ಹೋಗಿ. ಬೆಳ್ಳಗಿದ್ದರೆ ಇಂಧನ ಸಾಲುತ್ತಿಲ್ಲ, ಕಪ್ಪು ಮಸಿ ಇದ್ದರೆ ಜಾಸ್ತಿ, ಚಾಕೊಲೇಟ್ ಬಣ್ಣ ಬಂದರೆ ಕೈ ಮುಗಿದು ಅಲ್ಲಿಗೆ ಬಿಡಿ. ಹಳೆಯ ರಬ್ಬರ್ ಪೈಪನ್ನೂ ಬದಲಿಸಿ, ಎಥನಾಲ್‌ಗೆ ಅದು ಉಬ್ಬುತ್ತದೆ.

ನಮ್ಮ ಹೊಲಗಳಲ್ಲಿ ಇನ್ನೊಂದು ಶತ್ರು ಇದೆ, ಕಬ್ಬಿನ ರವದಿ. ಒಣ ಎಲೆಯ ಚೂರು ಫ್ಯಾನಿನ ಬಾಯಿಗೆ ಅಂಟಿಕೊಂಡರೆ ಗಾಳಿ ಬಂದ್. ಕಟಾವಿನ ದಿನಗಳಲ್ಲಿ ಸಂಜೆ ಗಾಡಿ ನಿಲ್ಲಿಸಿದ ಮೇಲೆ ಅಲ್ಲಿ ಕೈ ಹಾಕಿ ಸ್ವಚ್ಛ ಮಾಡುವುದು ನನಗೆ ರೂಢಿಯಾಗಿದೆ. ಸಿಲಿಂಡರ್ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನು ಕೆಲವು ಮೆಕ್ಯಾನಿಕ್‌ಗಳು "ಗಾಳಿ ಆಡಲಿ" ಅಂತ ಕಿತ್ತು ಬಿಸಾಡುತ್ತಾರೆ. ದಯವಿಟ್ಟು ಬೇಡ. ಫ್ಯಾನಿನ ಗಾಳಿಯನ್ನು ಸಿಲಿಂಡರ್ ಮೇಲೆ ಹಾಯಿಸುವುದೇ ಆ ಕವಚ.

ಕೋನ್ ಏರ್ ಫಿಲ್ಟರ್, ಸದ್ದು ಮಾಡುವ ಸೈಲೆನ್ಸರ್, ರೇಸಿಂಗ್ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಪೆಟ್ಟಿಗೆ)? ಸುಮ್ನೆ ದುಡ್ಡು ದಂಡ. ಫಿಲ್ಟರ್ ಅಂತೂ ಅಪಾಯ. ಹೊಲದ ಧೂಳು ಒಳಗೆ ಹೋದರೆ ಹೊಸ ಸಿಲಿಂಡರ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಕಂಪನಿಯ ಡಬ್ಬಿಯೊಳಗೇ ಎಣ್ಣೆ ಹಚ್ಚಿದ ಫೋಮ್ ಇಡಿ.

ಎರಡು ಹಂಗಾಮಿನಲ್ಲಿ ಕೆಟ್ಟದ್ದು ಬೆಲ್ಟ್ ಒಂದೇ. ಅದರ ಮೇಲೆ 842-20-30 ಅಂತ ಬರೆದಿರುತ್ತದೆ: ಉದ್ದ, ಅಗಲ, ಕೋನ. ಸ್ಟೆಪ್ನಿ ಇಲ್ಲದಿದ್ದರೂ ನಡೆದೀತು, ಬೆಲ್ಟ್ ಒಂದು ಎಕ್ಸ್‌ಟ್ರಾ ಇರಲಿ. ಪೆಟ್ರೋಲ್ ಮೊದಲಿಗಿಂತ ಜಾಸ್ತಿ ಕುಡಿಯುತ್ತದೆ, ಅದು ಗೊತ್ತಿದ್ದದ್ದೇ. ಈ ಎಂಜಿನ್ನಿನಲ್ಲಿ ಪೇಪರ್ ಆಯಿಲ್ ಫಿಲ್ಟರ್ ಇಲ್ಲ, ಬರೀ ಜಾಲರಿ. ಹಿಡಿಯುವುದು ಒಂದು ಲೀಟರಿಗಿಂತ ಕಡಿಮೆ ಆಯಿಲ್. ಹಾಗಾಗಿ ಪುಸ್ತಕದಲ್ಲಿ ಹೇಳಿದ ಅರ್ಧ ಅವಧಿಗೇ ಬದಲಿಸುತ್ತೇನೆ. ಬ್ರೇಕ್ ಮಾತ್ರ ಹಳೆಯದೇ. ಇಳಿಜಾರಿನಲ್ಲಿ ತುಂಬಿದ ಟ್ರಾಲಿ ಹಿಂದಿನಿಂದ ನೂಕುವಾಗ ಈ ಮಾರ್ಪಾಡುಗಳಲ್ಲಿ ಒಂದೂ ಸಹಾಯಕ್ಕೆ ಬರುವುದಿಲ್ಲ.

ನನ್ನದು ರಸ್ತೆಗೆ ನೋಂದಣಿಯಾದ ಗಾಡಿಯಲ್ಲ, ಹೊಲ ಬಿಟ್ಟು ಹೊರಗೆ ಹೋಗುವುದಿಲ್ಲ. ನೋಂದಣಿ ಇರುವ ಗಾಡಿಗೆ ಇದನ್ನೆಲ್ಲಾ ಮಾಡುವ ಮುಂಚೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡಿಕೊಳ್ಳಿ. 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಖಾನಾಪುರ, ಜಾಂಬೋಟಿ ಕಡೆಯವರು ನನ್ನ ಜೆಟ್ ಸೈಜನ್ನು ಹಾಗೇ ನಕಲು ಮಾಡಬೇಡಿ. ನಿಮ್ಮದು ನಮಗಿಂತ ಎತ್ತರದ ಜಾಗ, ಗಾಳಿ ತೆಳು, ಒಂದು ಸೈಜ್ ಸಣ್ಣ ಜೆಟ್ ಸಾಕಾಗಬಹುದು. ಏರು ದಾರಿ ಜಾಸ್ತಿ ಇರುವುದರಿಂದ ರೋಲರ್ ಮಾತ್ರ 10 ಗ್ರಾಂನದ್ದು ಹಾಕಿ ನೋಡಿ.