ಕಂಪ್ಯೂಟರಿನ ತ್ರೀಡಿ ಫೋಟೋ ಟಿವಿಯಲ್ಲಿ: ಯಾವ ದಾರಿ ವಾಸಿ?

ಹೊಸ ಟಿವಿಗಳಲ್ಲಿ ತ್ರೀಡಿ ಬರುತ್ತಿಲ್ಲ. ಸ್ಯಾಮ್‌ಸಂಗ್ 2016ರಲ್ಲಿ, ಎಲ್‌ಜಿ ಮತ್ತು ಸೋನಿ 2017ರಲ್ಲಿ ಅದನ್ನು ಕೈಬಿಟ್ಟವು. ಆದರೆ ಹಳೇ ಸೆಟ್‌ಗಳು ಬೆಂಗಳೂರಿನ ಮನೆಗಳಲ್ಲಿ ಇನ್ನೂ ಓಡುತ್ತಿವೆ. ನಮ್ಮನೆಯದು ಫುಲ್ ಎಚ್‌ಡಿ ಪ್ಯಾಸಿವ್ ಸೆಟ್, ಥಿಯೇಟರಿನಲ್ಲಿ ಕೊಡುವಂಥ ಹಗುರವಾದ ಕನ್ನಡಕ ಹಾಕಿ ನೋಡುವಂಥದ್ದು. ಲಾಲ್‌ಬಾಗಿನಲ್ಲಿ ಎಡಗಣ್ಣಿಗೊಂದು ಬಲಗಣ್ಣಿಗೊಂದು ಎಂದು ತೆಗೆದ ಜೋಡಿ ಫೋಟೋಗಳನ್ನು ಸ್ಟೀರಿಯೋಫೋಟೋ ಮೇಕರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹೊಂದಿಸಿ, ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಎಳೆದು, ಬೇರೆ ಬೇರೆ ಬಗೆಯಲ್ಲಿ ಹಾಕಿ ನೋಡಿದೆ.

ಎರಡೂ ಚಿತ್ರಗಳನ್ನು ಬೇರೆ ಬೇರೆ ಬಣ್ಣದಲ್ಲಿ ಒಂದರ ಮೇಲೊಂದು ಹಾಕಿ ಕೆಂಪು-ನೀಲಿ ಕನ್ನಡಕದಲ್ಲಿ ನೋಡುವ ಅನಾಗ್ಲಿಫ್ ಯಾವ ಟಿವಿಯಲ್ಲಾದರೂ ನಡೆಯುತ್ತದೆ. ಬಂಡೆ ಮೇಲಿನ ಕೆಂಪೇಗೌಡ ಗೋಪುರ ಅದರಲ್ಲೂ ಚೆನ್ನಾಗಿ ಎದ್ದು ನಿಂತಿತು, ಬೂದು ಕಲ್ಲು ಅಲ್ವಾ. ಫಲಪುಷ್ಪ ಪ್ರದರ್ಶನದ ಕೆಂಪು ಗುಲಾಬಿ ಹಾಕಿದೆ ನೋಡಿ, ಕೆಟ್ಟುಹೋಯಿತು. ಕೆಂಪು ಗಾಜಿನ ಕಣ್ಣಿಗೆ ಹೂವು ಬೆಳ್ಳಗೆ, ಇನ್ನೊಂದಕ್ಕೆ ಕಪ್ಪಗೆ. ದಳಗಳು ಮಿಣಮಿಣ ಅನ್ನುತ್ತವೆ, ಸ್ವಲ್ಪ ಹೊತ್ತಿಗೇ ಕಣ್ಣು ನೋಯುತ್ತದೆ. ಹೂವಿಗೆ ಇದು ಬೇಡವೇ ಬೇಡ.

ಎಲ್ಲರೂ ಮೊದಲು ಹಿಡಿಯುವುದು ಸೈಡ್ ಬೈ ಸೈಡ್. ಎರಡೂ ಚಿತ್ರಗಳನ್ನು ಅಡ್ಡಕ್ಕೆ ಅರ್ಧ ಮಾಡಿ ಪಕ್ಕಪಕ್ಕ ಕಳಿಸುವುದು. ಪ್ಯಾಸಿವ್ ಟಿವಿಯಲ್ಲಿ ಇದು ಡಬಲ್ ನಷ್ಟ. ಆ ಟಿವಿ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡೂ ಕಣ್ಣಿಗೆ ಹಂಚುವುದರಿಂದ ಒಂದೊಂದಕ್ಕೆ ಬಿಡುವುದೇ 1080ರಲ್ಲಿ 540 ಗೆರೆ. ಅಡ್ಡಕ್ಕೂ ಅರ್ಧ ಹೋದರೆ ಉಳಿಯುವುದು 960×540. ಅದರ ಬದಲು ಟಾಪ್-ಬಾಟಮ್ ಹಾಕಿ, ಅಂದರೆ ಚಿತ್ರಗಳನ್ನು ಎತ್ತರದಲ್ಲಿ ಅರ್ಧ ಮಾಡಿ ಮೇಲೆ-ಕೆಳಗೆ ಇಟ್ಟು ಕಳಿಸಿ. ಹೇಗೂ ಹೋಗುವ ಗೆರೆಗಳಷ್ಟೇ ಹೋಗುತ್ತವೆ, ಅಡ್ಡಕ್ಕೆ 1920 ಪೂರ್ತಿ ಸಿಗುತ್ತದೆ. ಗಾಜಿನ ಮನೆಯ ತೆಳ್ಳನೆಯ ಕಬ್ಬಿಣದ ಕಂಬಿಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೆರೆ ಬಿಟ್ಟು ಗೆರೆ ಹೆಣೆದ ಇಂಟರ್‌ಲೀವ್ಡ್ ಚಿತ್ರ. ಒಂದು ಗೆರೆ ಎಡಗಣ್ಣಿನದು, ಮುಂದಿನದು ಬಲಗಣ್ಣಿನದು. ಟಿವಿಯನ್ನು ಟೂಡಿಯಲ್ಲೇ ಬಿಟ್ಟು ಕನ್ನಡಕ ಹಾಕಿದರೆ ಸಾಕು. ಸೈಡ್ ಬೈ ಸೈಡ್, ಟಾಪ್-ಬಾಟಮ್‌ಗಳಲ್ಲಿ ಟಿವಿಯ ತ್ರೀಡಿ ಒತ್ತಿದ ತಕ್ಷಣ ಕಂಪ್ಯೂಟರಿನ ಮೆನುಗಳೂ ಹಿಗ್ಗಿ ಒಂದರ ಮೇಲೊಂದು ಬೀಳುತ್ತವೆ. ಇಲ್ಲಿ ಮೆನು ಮಾಮೂಲಾಗಿಯೇ ಕಾಣುತ್ತದೆ. ಆರೋ ಕೀ ಒತ್ತುತ್ತಾ, ಗುಲಾಬಿ ಪರದೆಯ ಹಿಂದೆ ಸರಿಯುವುದನ್ನು ಕನ್ನಡಕದಲ್ಲೇ ನೋಡುತ್ತಾ ಹೊಂದಿಸಬಹುದು. ಅದೇ ನನಗೆ ದೊಡ್ಡ ಖುಷಿ. ಆದರೆ ಒಂದು ಪಿಕ್ಸೆಲ್ಲೂ ಹಿಗ್ಗಬಾರದು. ಲ್ಯಾಪ್‌ಟಾಪ್ ಔಟ್‌ಪುಟ್ 1920×1080 ಇರಬೇಕು, ಅಂಚು ಕತ್ತರಿಸಿ ಚಿತ್ರ ಹಿಗ್ಗಿಸುವ ಟಿವಿಯ ಓವರ್‌ಸ್ಕ್ಯಾನ್ ಆಫ್ ಆಗಿರಬೇಕು, ಇನ್‌ಪುಟ್ಟಿಗೆ ಪಿಸಿ ಎಂದು ಹೆಸರು ಕೊಡಬೇಕು. ಇಲ್ಲದಿದ್ದರೆ ಎರಡೂ ಚಿತ್ರ ಕಲಸಿಹೋಗುತ್ತವೆ.

ರಾಜಾಜಿನಗರದಲ್ಲಿ ಅತ್ತೆ ಮನೆಯ ಟಿವಿ ಆಕ್ಟಿವ್ ಶಟರ್‌ನದು, ಕನ್ನಡಕವೇ ಎಡ-ಬಲ ಕಣ್ಣನ್ನು ಸರದಿಯಲ್ಲಿ ಮುಚ್ಚಿ ತೆರೆಯುವಂಥದ್ದು. ಅಲ್ಲಿ ಎರಡೂ ಚಿತ್ರಗಳನ್ನು ಅರ್ಧ ಮಾಡದೆ ಪೂರ್ತಿಯಾಗಿ ಕಳಿಸುವ ಫ್ರೇಮ್ ಪ್ಯಾಕಿಂಗ್‌ನಲ್ಲಿ ಕಳಿಸಿದರೆ ಎರಡೂ ಕಣ್ಣಿಗೆ ಪೂರ್ತಿ 1080 ಗೆರೆ. ಸೆಕೆಂಡಿಗೆ 24 ಫ್ರೇಮ್ ಆದ್ದರಿಂದ ಮೌಸ್ ಎಳೆದಾಡುತ್ತದೆ, ಫೋಟೋಗೆ ಅದರಿಂದ ತೊಂದರೆ ಇಲ್ಲ. ಬಂಡೆಯ ಬಿರುಕುಗಳು ಅಲ್ಲಿ ಕಂಡಷ್ಟು ಚೆನ್ನಾಗಿ ನಮ್ಮನೆಯಲ್ಲಿ ಕಾಣಲಿಲ್ಲ, ಒಪ್ಪಬೇಕು. ಆದರೆ ಕನ್ನಡಕ ಭಾರ, ಚಾರ್ಜ್ ಮಾಡಬೇಕು, ಹಳೇ ಟ್ಯೂಬ್‌ಲೈಟ್ ಹಾಕಿದರೆ ಗೋಡೆಯೆಲ್ಲ ಮಿನುಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್ವಿಡಿಯಾ 2019ರಲ್ಲಿ ಹೊಸ ಡ್ರೈವರ್‌ಗಳಿಂದ ಕಂಪ್ಯೂಟರಿನ ತ್ರೀಡಿಗೆ ಬೇಕಾದ ತ್ರೀಡಿ ವಿಷನ್ ತೆಗೆದುಹಾಕಿತು, ಹಾಗಾಗಿ ಆ ದಾರಿ ಹಿಡಿಯುವವರು ಹಳೇ ಡ್ರೈವರನ್ನು ಉಳಿಸಿಕೊಳ್ಳಬೇಕು.

ಮನೆಮಂದಿಯೆಲ್ಲ ಕೂತು ನೋಡುವುದಾದರೆ ಪ್ಯಾಸಿವ್ ಟಿವಿ, ಟಾಪ್-ಬಾಟಮ್. ಕಣ್ಣು ಪರದೆಯ ನಡುಮಟ್ಟಕ್ಕೆ ಬರುವಂತೆ ಕುರ್ಚಿ ಹಾಕಿ. ಹತ್ತಿರ ನೆಲದ ಮೇಲೆ ಕೂತವರಿಗೆ ಚಿತ್ರ ಎರಡೆರಡಾಗಿ ಕಾಣುತ್ತದೆ.