ಫೋರ್ಕ್ ಸೀಲ್ ಸೋರಿಕೆ: ಕ್ಲೀನ್ ಮಾಡಿದರೆ ಸಾಕೇ, ಬದಲಿಸಬೇಕೇ?

ಬೈಕಿನ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಗಳಿಂದ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರವೇ ಫೋರ್ಕ್ ಸೀಲ್, ಅಂದರೆ ಆಯಿಲ್ ಸೀಲ್. ಕೆಸರು ರಸ್ತೆಯಲ್ಲಿ ಓಡಿಸಿದ ಮೇಲೆ ಸೋರಿಕೆ ಶುರುವಾಗಿದ್ದರೆ ಮೊದಲು ಕ್ಲೀನಿಂಗ್ ಮಾಡಿ ನೋಡಿ. ಧೂಳು ತಡೆಯುವ ಹೊರಗಿನ ಡಸ್ಟ್ ಸೀಲ್ ಬಿಡಿಸಿ, ಹಳೆಯ ಫೋಟೋ ನೆಗೆಟಿವ್‌ನ ತುಂಡನ್ನು ಆಯಿಲ್ ಸೀಲಿನ ಅಂಚಿನೊಳಗೆ ತೂರಿಸಿ ಸುತ್ತಲೂ ಆಡಿಸಿದರೆ ಸಿಕ್ಕಿಕೊಂಡ ಮರಳು ಹೊರಬರುತ್ತದೆ. ಖರ್ಚೇ ಇಲ್ಲ. ಒರೆಸಿ, ನಾಲ್ಕಾರು ಸಲ ಫೋರ್ಕ್ ಒತ್ತಿ. ಮತ್ತೆ ಎಣ್ಣೆಯ ಉಂಗುರ ಮೂಡಿದರೆ ಸೀಲ್ ಬದಲಿಸಲೇಬೇಕು.

ಅದು ದೊಡ್ಡ ಕೆಲಸ. ಮುಂದಿನ ಚಕ್ರ, ಫೋರ್ಕ್ ಬಿಚ್ಚಬೇಕು. ಒಳಗಿನ ಸ್ಪ್ರಿಂಗ್ ಒತ್ತಡಕ್ಕೆ ಫೋರ್ಕಿನ ಮೇಲಿನ ಕ್ಯಾಪ್ ಚಿಮ್ಮದಂತೆ ಎಚ್ಚರ ಬೇಕು. ಸೀಲನ್ನು ನೇರವಾಗಿ ಕೂರಿಸುವ ಸೀಲ್ ಡ್ರೈವರ್, ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಸುವ ಟಾರ್ಕ್ ರೆಂಚ್, ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಎಣ್ಣೆ ಇದ್ದರಷ್ಟೇ ಮನೆಯಲ್ಲಿ ಕೈ ಹಾಕಿ, ಎರಡೂ ಬದಿಯ ಸೀಲ್ ಒಟ್ಟಿಗೇ ಬದಲಿಸಿ. ಫೋರ್ಕಿನ ಕೊಳವೆಯ ಮೇಲೆ ಉಗುರಿಗೆ ತಾಗುವಂಥ ತುಕ್ಕಿನ ಗುಳಿ ಇದ್ದರೆ ಹೊಸ ಸೀಲೂ ಹರಿದುಹೋಗುತ್ತದೆ. ಆಗ ಗ್ಯಾರೇಜೇ ಸರಿ. ಬ್ರೇಕ್ ಪ್ಯಾಡಿಗೆ ಎಣ್ಣೆ ಇಳಿದಿದ್ದರೆ ಮಾತ್ರ ಗಾಡಿ ಓಡಿಸಲೇಬೇಡಿ.